ಮೂಗಿನ ಅಳತೆಯಿಂದ ಕಲ್ಲುಗುಡಿಯ ಲೆಕ್ಕಕ್ಕೆ

ಸೋಲಿಗರ ಮೂಗಿನ ಲೆಕ್ಕ 85. ಮೂಗಿನ ಅಗಲವನ್ನು ನೂರರಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ ಬರುವ ಅಂಕಿ ಅದು. ಲೆಕ್ಕ ಹಾಕಿದವರು ಎಡ್ಗರ್ ಥರ್ಸ್ಟನ್, ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರು. ಕೆ. ರಂಗಾಚಾರಿಯವರ ಜೊತೆಗೂಡಿ ಅವರು 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದರು. ಪಣಿಯರಿಗೆ 95, ಕಾಡರಿಗೆ 90, ಕುರುಂಬರಿಗೆ 86, ಸೋಲಿಗರಿಗೆ 85 ಎಂದು ಅದರಲ್ಲಿ ಪಟ್ಟಿಯೇ ಇದೆ. ಮೂಗು ಅಗಲವಾದಷ್ಟೂ ಜನ ಹಳಬರು, ಕಾಡಿನವರು ಎಂಬುದು ಆ ಕಾಲದ ಪಂಡಿತರ ನಂಬಿಕೆ. ಇವತ್ತು ಆ ನಂಬಿಕೆಯನ್ನು ಮಾನವಶಾಸ್ತ್ರ ಒಪ್ಪುವುದಿಲ್ಲ.

ಅಳತೆಯ ಇಕ್ಕಳ ಹಿಡಿದು ಬಂದ ದೊರೆಯನ್ನು ಕಂಡ ಜನ ಏನೆಂದುಕೊಂಡಿದ್ದಾರು? ವಯನಾಡಿನ ಪಣಿಯರ ಹೆಂಗಸರು ತಮ್ಮನ್ನು ಕಂಡೊಡನೆ ಓಡಿಹೋದ ಪ್ರಸಂಗವನ್ನು ಥರ್ಸ್ಟನ್ ತಾವೇ ಬರೆದಿದ್ದಾರೆ. ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ, ಹುಲ್ಲು ತುಂಬಿ, ಮದರಾಸಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾರೆ ಎಂದು ಆ ಹೆಂಗಸರು ಹೆದರಿದ್ದರಂತೆ. ದೊರೆ ಇದನ್ನು ತಮಾಷೆಗೆಂದು ಬರೆದದ್ದು. ಆದರೆ ಬುಡಕಟ್ಟಿನವರ ಬಗ್ಗೆ ಆಗಿನ ವಿದ್ಯಾವಂತರ ನೋಟ ಎಂಥದ್ದೆಂದು ಆ ಹೆಂಗಸರು ಒಂದೇ ಏಟಿಗೆ ಗ್ರಹಿಸಿದ್ದರು ಎನ್ನಬೇಕು.

85ರಿಂದ ಯಾವ ಸೋಲಿಗನಿಗೂ ಮೂರು ಕಾಸಿನ ಪ್ರಯೋಜನ ಆಗಲಿಲ್ಲ. ನೂರು ವರ್ಷ ಕಳೆದ ಮೇಲೆ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೊಂದು ಲೆಕ್ಕ ನಡೆಯಿತು. ಅದರ ಮೊತ್ತ 489. ಅದು ಕೋರ್ಟು ಕಚೇರಿಯ ಕಾಗದವಾಗಿ ಕೆಲಸಕ್ಕೆ ಬಂತು. ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಕಾಡುಜನರಾದ ಸೋಲಿಗರನ್ನು ಹೊರಗಿನವರು ಬರೆದಿಟ್ಟ ಇತಿಹಾಸ ಈ ಎರಡು ಅಂಕಿಗಳ ನಡುವೆ ಬಿದ್ದಿದೆ.

ಮೊದಲು ಬಂದವರು ಒಬ್ಬ ವೈದ್ಯರು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ನೋಡಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್‌ರನ್ನು ಕಳಿಸಿದರು. ಬೆಳೆ, ಮಣ್ಣು, ಕಬ್ಬಿಣದ ಕುಲುಮೆ, ಮಗ್ಗ, ಜಾತಿ ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತ ಸಾಗಿದ ಅವರ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಸೋಲಿಗರೂ ಅದರಲ್ಲಿ ಸಿಗುತ್ತಾರೆ. ಬಿದಿರಿನ ಎರಡೂ ತುದಿಯನ್ನು ನೆಲಕ್ಕೆ ಊರಿ, ಕಮಾನಿನಂತೆ ಬಗ್ಗಿಸಿ, ಬಾಳೆ ಎಲೆ ಹೊದಿಸಿದ ಗುಡಿಸಲು. ರಾತ್ರಿ ಬೆಂಕಿಯ ಸುತ್ತ ಬಾಳೆ ಎಲೆಯನ್ನೇ ಹಾಸಿ, ಬಾಳೆ ಎಲೆಯನ್ನೇ ಹೊದ್ದು ಮಲಗುವ ಜನ. ಹುಲಿಯ ಕಾಟ ಇರದ ಬೆಟ್ಟದ ನೆತ್ತಿಯಲ್ಲಿ ವಾಸ, ಅಲ್ಲಿ ಮೈ ಕೊರೆಯುವ ಚಳಿ. ಬುಕಾನನ್‌ರ ಕಣ್ಣು ಚುರುಕು, ಮರುಕವೂ ಇತ್ತು. ಈ ನೆತ್ತಿ ಯಾರದು, ಆ ಹಳ್ಳದಾಚೆಯದು ಯಾರದು ಎಂದು ಮಾತ್ರ ಅವರು ಕೇಳಿಕೊಂಡಂತೆ ಕಾಣುವುದಿಲ್ಲ.

ಪುಸ್ತಕ ಅಚ್ಚಾದ 1807ರಲ್ಲೇ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ಕೊಳ್ಳೇಗಾಲ ಅಷ್ಟು ಹೊತ್ತಿಗಾಗಲೇ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಈಗಿನ ಹನೂರು ಆಗ ಕೊಳ್ಳೇಗಾಲದ್ದೇ ಭಾಗ. ಹಾಗಾಗಿ ಒಂದೇ ಬೆಟ್ಟಸಾಲಿನ ಒಂದು ಮಗ್ಗುಲು ಮೈಸೂರು ಸಂಸ್ಥಾನ, ಇನ್ನೊಂದು ಮಗ್ಗುಲು ಮದರಾಸು. ಒಂದೇ ಕುಲದ ಅಣ್ಣ ಮದರಾಸಿನ ಪುಸ್ತಕ ಸೇರಿದ, ತಮ್ಮ ಮೈಸೂರಿನ ಪುಸ್ತಕ ಸೇರಿದ.

ಮೈಸೂರಿನ ಪುಸ್ತಕದ ಕತೆಯನ್ನೂ ಹೇಳಿಬಿಡಬೇಕು. ಸಂಸ್ಥಾನದ ಜನಾಂಗ ಸಮೀಕ್ಷೆಯ ಹೊಣೆ ಬಿದ್ದದ್ದು ಎಚ್.ವಿ. ನಂಜುಂಡಯ್ಯನವರ ಮೇಲೆ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ, ಅವರೇ. ಕಚೇರಿಯ ಕೆಲಸದ ನಡುವೆ ಒಂದೊಂದು ಜಾತಿಗೆ ಒಂದೊಂದು ಕಿರುಹೊತ್ತಗೆ ಬರೆಯುತ್ತ ಹೋದರು. ಪೂರಾ ಪುಸ್ತಕ ನೋಡುವ ಮೊದಲೇ, 1920ರಲ್ಲಿ, ತೀರಿಕೊಂಡರು. ಕೊಚ್ಚಿಯ ಬುಡಕಟ್ಟುಗಳ ಮೇಲೆ ಬರೆದು ಹೆಸರಾಗಿದ್ದ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಕೆಲಸವನ್ನು ಕೈಗೆತ್ತಿಕೊಂಡು, 1928ರಿಂದ 1935ರ ನಡುವೆ ನಾಲ್ಕು ಸಂಪುಟ ಮುಗಿಸಿದರು. ಇಲ್ಲೂ ಸೋಲಿಗರಿಗೆ ಒಂದು ಅಧ್ಯಾಯವಿದೆ. ಹುಟ್ಟು, ಮದುವೆ, ಸಾವು, ದೇವರು, ಊಟ ಎಲ್ಲ ಅಚ್ಚುಕಟ್ಟು. ಓದುವಾಗ ಮಾತ್ರ ಪಡಿತರದ ಕಾರ್ಡು ತುಂಬಿಸಿದ ಹಾಗಿದೆ: ಎಲ್ಲ ಜಾತಿಗೂ ಅದೇ ಪ್ರಶ್ನೆ, ಅದೇ ಅನುಕ್ರಮ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಅಣ್ಣತಮ್ಮ ಒಂದೇ ಸರಕಾರದ ಕೆಳಗಾದರು.

ಥರ್ಸ್ಟನ್‌ರ ಸಂಪುಟವನ್ನು ಹಾಗೆಂದು ಅಟ್ಟಕ್ಕೆ ಹಾಕುವಂತಿಲ್ಲ. ಮೂಗಿನ ಪಟ್ಟಿಗಿಂತ ನೂರು ಪಾಲು ಬೆಲೆ ಬಾಳುವ ಒಂದು ಕತೆ ಅಲ್ಲಿ ಸಿಕ್ಕಿಕೊಂಡಿದೆ. ಕಾರಯ್ಯ, ಬಿಲ್ಲಯ್ಯ ಎಂಬ ಅಣ್ಣತಮ್ಮಂದಿರು. ಕಾರಯ್ಯನ ಕುಲ ಸೋಲಿಗರು ಮತ್ತು ಊರಾಳಿಗಳು. ಬಿಲ್ಲಯ್ಯನ ಕುಲ ಲಿಂಗ ಕಟ್ಟಿದವರು. ಆ ಬಿಲ್ಲಯ್ಯನೇ ಮಾದೇಶ್ವರ ಎನ್ನುತ್ತದೆ ಥರ್ಸ್ಟನ್‌ರಿಗೆ ಸಿಕ್ಕ ಪಾಠ. ಹನೂರು ತಾಲ್ಲೂಕಿನ ಏಳುಮಲೆಯ ಮಾದಪ್ಪನ, ಅಂದರೆ ಮಾದೇಶ್ವರನ, ಒಕ್ಕಲಿಗೆ ಇದನ್ನು ಹೇಳಿದರೆ ತಲೆ ಅಡ್ಡ ಆಡಿಸುತ್ತಾರೆ. ಅವರ ಪಾಠ ಬೇರೆ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಮಾದೇಶ್ವರನ ಕಾವ್ಯ ಸಾಲು ಸಾಲಾಗಿ ಕಟ್ಟಿದ್ದು. ಅದರಲ್ಲಿ ಸಂಕಮ್ಮನ ಸಾಲು ಬಂತೆಂದರೆ ಕೂತ ಹೆಂಗಸರು ಅಲುಗಾಡುವುದಿಲ್ಲ. ಸಂಕಮ್ಮ ಸೋಲಿಗರ ಹೆಣ್ಣು. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಅವಳಿಂದ ಬಲಗೈ ಭಾಷೆ ಕೇಳುತ್ತಾನೆ. ತಾನು ಬರುವ ತನಕ ಶೀಲ ಕೆಡಬಾರದು ಎಂಬ ಭಾಷೆ. ಅವಳು ಕೊಡುವುದಿಲ್ಲ. ಅವನು ಹಿಂಸೆ ಕೊಟ್ಟು ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸಿ ಮಕ್ಕಳ ಫಲ ಕೊಡುತ್ತಾನೆ. ಹುಟ್ಟಿದ ಅವಳಿಗಳೇ ಕಾರಯ್ಯ, ಬಿಲ್ಲಯ್ಯ.

ಒಂದು ಪಾಠದಲ್ಲಿ ಅಣ್ಣತಮ್ಮ, ಇನ್ನೊಂದರಲ್ಲಿ ವರಪ್ರಸಾದದ ಮಕ್ಕಳು. ಯಾವುದು ಸರಿ ಎಂದು ಕೇಳುವುದು ದಡ್ಡತನ. ಎರಡರಲ್ಲೂ ಮಲೆಯ ದೇವರಿಗೂ ಮಲೆಯ ಜನಕ್ಕೂ ನೆಂಟಸ್ತಿಕೆ ಇದೆ, ಅದು ಮುಖ್ಯ. ಯಳಂದೂರು ಕಡೆ ಬಂದರೆ ಈ ನೆಂಟಸ್ತಿಕೆ ಇನ್ನೂ ಸಲಿಗೆಯದು. ಬಿಳಿಗಿರಿ ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಆದ್ದರಿಂದ ಸೋಲಿಗರಿಗೆ ರಂಗಪ್ಪ ಭಾವ. ದೇವರನ್ನು ಭಾವ ಎಂದು ಕರೆದ ಮೇಲೆ ಬೈಯುವುದಕ್ಕೂ ರೇಗಿಸುವುದಕ್ಕೂ ಹಕ್ಕು ಬಂದಂತೆಯೇ. ಆ ಭಾವ ಕಾಡು ಅಲೆದು ಸವೆಸುವ ಜೋಡು ಬೂದಿಪಡಗ ಎಂಬ ಊರಿನಿಂದ ಬರುತ್ತದೆ, ಆಳಿನ ಕಾಲಿಗೆ ಹತ್ತದಷ್ಟು ದೊಡ್ಡ ಚರ್ಮದ ಮೆಟ್ಟು.

ಇಂಥ ಕಾವ್ಯವನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕೆಂದು ವಿಶ್ವವಿದ್ಯಾನಿಲಯಗಳಿಗೆ ಹೊಳೆಯುವುದಕ್ಕೆ ಕಾಲ ಹಿಡಿಯಿತು. ಮೈಸೂರಿನಲ್ಲಿ ಜೀ.ಶಂ. ಪರಮಶಿವಯ್ಯನವರು ಹಾಡುಗಾರರ ಬೆನ್ನು ಹತ್ತಿ ಊರೂರು ತಿರುಗಿದರು, ಪಿ.ಆರ್. ತಿಪ್ಪೇಸ್ವಾಮಿಯವರ ಜೊತೆ ಅವರು ಕಟ್ಟಿದ ಜಾನಪದ ವಸ್ತುಸಂಗ್ರಹಾಲಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಈಗಲೂ ಇದೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಾದೇಶ್ವರನ ಕಾವ್ಯವನ್ನು ದೊಡ್ಡ ಪುಸ್ತಕವಾಗಿ ಅಚ್ಚು ಹಾಕಿಸಿದಾಗ, ಪಂಪ ಕುಮಾರವ್ಯಾಸರನ್ನು ಪಾಠ ಹೇಳುತ್ತಿದ್ದ ಮೇಷ್ಟರುಗಳಿಗೆ ಅಕ್ಷರ ಬಾರದವರ ಮಹಾಕಾವ್ಯ ಅಂದರೆ ಇಷ್ಟು ದಪ್ಪ ಇರುತ್ತದೆ ಎಂದು ಗೊತ್ತಾಯಿತು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಅವರ ಸಂಪಾದನೆಯಲ್ಲಿ ತಂದಿತು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ದಾಟಿಸಿದರು. ಇದೇ ಸೀಮೆಯ ಇನ್ನೊಂದು ಹಾಡುಗಾವ್ಯವಾದ ಮಂಟೇಸ್ವಾಮಿಯ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದರು. ತಂಬೂರಿ, ಗಗ್ಗರ, ದಮ್ಮಡಿಯ ನೀಲಗಾರರು ಆ ಕಾವ್ಯದ ವಾರಸುದಾರರು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಜನವರಿಯಲ್ಲಿ ಹೋದವರಿಗೆ ಅವರ ದನಿ ಕಿವಿಯಲ್ಲೇ ಇರುತ್ತದೆ.

ಇಲ್ಲಿ ಒಂದು ಸಣ್ಣ ಬದಲಾವಣೆ ಆದದ್ದನ್ನು ಗಮನಿಸಬೇಕು. ಥರ್ಸ್ಟನ್‌ರ ಪುಟಗಳಲ್ಲಿ ಸೋಲಿಗ ಎಂಬ ಜಾತಿ ಇದೆ, ಒಬ್ಬ ಸೋಲಿಗನ ಹೆಸರಿಲ್ಲ. ಹಂಪಿಯ ಪುಸ್ತಕದಲ್ಲಿ ಹಾಡಿದವನ ಹೆಸರು ಇದೆ.

ಅತ್ತ ಜಾನಪದದ ಕೆಲಸ ಹೀಗೆ ಸಾಗುತ್ತಿದ್ದರೆ ಇತ್ತ ಬೆಟ್ಟದಲ್ಲಿ ನೆಲವೇ ಜಾರುತ್ತಿತ್ತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಯಿತು. ಕಾಡು ಕಡಿದು, ಸುಟ್ಟು, ರಾಗಿ ಬಿತ್ತಿ, ಮೂರ್ನಾಲ್ಕು ವರ್ಷಕ್ಕೆ ಇನ್ನೊಂದು ಕಡೆ ಹೋಗುವ ಬೇಸಾಯ ನಿಂತಿತು, ಬೇಟೆ ನಿಂತಿತು. ಒಳಕಾಡಿನ ಪೋಡುಗಳಿಂದ, ಅಂದರೆ ಸೋಲಿಗರ ಹಾಡಿಗಳಿಂದ, ಜನರನ್ನು ರಸ್ತೆ ಬದಿಯ ಕಾಲೊನಿಗಳಿಗೆ ತಂದರು. ಉಳಿದದ್ದು ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂ ಕಿತ್ತು ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಹಾಕುವ ಕೆಲಸ. ಆಗ ಬೆಟ್ಟಕ್ಕೆ ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ, ಶಾಲೆ ಬಂದವು. ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಆದರೆ ಬೆಟ್ಟದ ಮಟ್ಟಿಗೆ ದೊಡ್ಡ ಸಂಗತಿ ಬೇರೆ: ಹೊರಗಿನವರು ಬರೆದದ್ದನ್ನು ಓದಿ ‘ಇದು ತಪ್ಪು’ ಎನ್ನಬಲ್ಲ ಒಂದು ತಲೆಮಾರು ಬೆಳೆಯಿತು.

ತಪ್ಪು ಎನ್ನಲು ಕಾರಣಗಳೂ ಇದ್ದವು. ತರಗು ಬೆಂಕಿಯನ್ನೇ ತೆಗೆದುಕೊಳ್ಳಿ. ವರ್ಷದ ಮೊದಲಲ್ಲಿ, ನೆಲದಲ್ಲಿ ತೇವ ಇರುವಾಗಲೇ, ಉದುರಿದ ಎಲೆಗೆ ಸಣ್ಣ ಬೆಂಕಿ ಕೊಡುವುದು ಸೋಲಿಗರ ರೂಢಿ. ಬೆಂಕಿ ಮೊಣಕಾಲೆತ್ತರ ಹಾಯ್ದು ಹೋಗುತ್ತದೆ, ಮರ ಸುಡುವುದಿಲ್ಲ. ಹುಲ್ಲು ಚಿಗುರುತ್ತದೆ, ನೆಲ್ಲಿಮರಕ್ಕೆ ಹತ್ತುವ ಬಂದಳಿಕೆ ಹತೋಟಿಯಲ್ಲಿರುತ್ತದೆ. ಸೋಲಿಗರು ಆ ಬಂದಳಿಕೆಯನ್ನು ಉಪ್ಪಿಲು ಎನ್ನುತ್ತಾರೆ. ಅರಣ್ಯ ಇಲಾಖೆ ಬೆಂಕಿಯನ್ನೇ ನಿಷೇಧಿಸಿತು. ಉಪ್ಪಿಲು ಹೆಚ್ಚಿತು, ನೆಲ್ಲಿ ಸೊರಗಿತು, ಲಂಟಾನ ಎದೆಮಟ್ಟ ಬೆಳೆಯಿತು. ‘ಬೆಂಕಿ ನಿಂತದ್ದೇ ಕಾರಣ’ ಎಂದು ಮುದುಕರು ಹೇಳಿದ್ದನ್ನು ಮೂಢನಂಬಿಕೆ ಎಂದವರು ಕಡಿಮೆ ಇರಲಿಲ್ಲ. 2010ರ ಹೊತ್ತಿಗೆ ಅದು ವಿಜ್ಞಾನ ಪತ್ರಿಕೆಯ ಲೇಖನವೇ ಆಯಿತು. ಲಂಟಾನ ಮಾತ್ರ ಲೇಖನ ಓದುವುದಿಲ್ಲ, ಹಬ್ಬುತ್ತಲೇ ಹೋಯಿತು. ಮಾದಪ್ಪನ ಬೆಟ್ಟದ ಕಡೆ ಸೋಲಿಗರು ಅದೇ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆದು ಮಾರಿದ್ದು ಒಂದು ಸಮಾಧಾನ.

ಭಾಷೆಯ ಮಾತೂ ಹೀಗೇ. ಸೋಲಿಗರ ನುಡಿಯನ್ನು ಒರಟು ಕನ್ನಡ ಎಂದು ತಳ್ಳಿಹಾಕಿದವರೇ ಹೆಚ್ಚು. ಭಾಷಾವಿಜ್ಞಾನಿ ಆಂಗ್ ಸಿ ಬೆಟ್ಟದಲ್ಲಿದ್ದು ಆ ನುಡಿ ಕಲಿತು, ಗಿಡ, ಹಕ್ಕಿ, ಜೇನು, ನೆಲದ ಹೆಸರುಗಳಲ್ಲಿ ಅಡಗಿದ ತಿಳಿವಳಿಕೆಯ ಮೇಲೆ 2016ರಲ್ಲಿ ಒಂದು ಪುಸ್ತಕ ಬರೆದರು. ಹಕ್ಕಿಗಳ ವಿಷಯದಲ್ಲಿ ಅವರ ಜೊತೆ ಕೆಲಸ ಮಾಡಿದವರು ಸಮೀರಾ ಅಗ್ನಿಹೋತ್ರಿ. ಅವರು ಕಾಜಾಣದ ಅಣಕು ದನಿಯನ್ನು ಅಧ್ಯಯನ ಮಾಡುತ್ತಿದ್ದರು. ಬಾಲಕ್ಕೆ ಎರಡು ಗರಿಯ ಬಾವುಟ ಕಟ್ಟಿಕೊಂಡ ಈ ಕರಿಹಕ್ಕಿ ಕಾಡಿನ ಹಲವು ಹಕ್ಕಿಗಳ ದನಿಯನ್ನು ಕದ್ದು ಹಾಡುತ್ತದೆ. ಯಾರ ದನಿ ಕದ್ದಿದೆ ಎಂದು ಹೇಳಲು ಆ ಕಾಡಿನ ಎಲ್ಲ ದನಿಯನ್ನೂ ಬಲ್ಲ ಕಿವಿ ಬೇಕು. ಆ ಕಿವಿ ಪೋಡಿನಲ್ಲಿತ್ತು.

ಈಗ 489ರ ವಿಷಯ.

ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಎಲ್ಲೆ ಎಂದರೆ ಊರ ಕನ್ನಡದಲ್ಲಿ ಗಡಿಗೆರೆ. ಸೋಲಿಗರ ಬಾಯಲ್ಲಿ ಆ ಗೆರೆಯ ಒಳಗಿನ ನೆಲವೂ ಎಲ್ಲೆಯೇ. ಪೂರಾ ಎಲ್ಲೆಯಲ್ಲಿ ಐದು ಇರಬೇಕು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ದೇವರಿಗೆ ಒಂದು ಬಂಡೆಯೋ ಮರವೋ ಸಾಕು. ಮಾರಮ್ಮ ಬೆಂಕಿಯಂಥವಳು. ವೀರು ಕಾಡುವ ಶಕ್ತಿ, ಅದಕ್ಕೆ ಕೊಡುವುದನ್ನು ಕೊಟ್ಟು ದೂರ ಇಡಬೇಕು. ಅಬ್ಬಿ ನೀರಿನ ಜಾಗ. ಕಲ್ಲುಗುಡಿ ಸತ್ತವರ ಜಾಗ. ಕುಲದಲ್ಲಿ ತೀರಿಹೋದವರ ಹೆಸರಿನ ಕಲ್ಲುಗಳು ಅಲ್ಲಿರುತ್ತವೆ. ತಿಳಿಯದವರ ಕಣ್ಣಿಗೆ ಅದು ಪೊದೆಯ ನಡುವೆ ಬಿದ್ದ ಗುಂಡುಕಲ್ಲುಗಳ ಗುಂಪು, ದಾಟಿಕೊಂಡು ಹೋಗಿಬಿಡುತ್ತಾರೆ. ತಿಳಿದವರು ನಿಂತು ಇದು ಅಜ್ಜ, ಅದು ಅಜ್ಜನ ಅಪ್ಪ ಎಂದು ಬೆರಳು ಮಾಡುತ್ತಾರೆ.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸುಷ್ಮಿತಾ ಮಂಡಲ್, ನಿತಿನ್ ರೈ ಹಾಗೂ ಬೆಟ್ಟದ ಸೋಲಿಗರೇ ಆದ ಸಿ. ಮಾದೇಗೌಡ ಈ ಎಲ್ಲೆಗಳ ನಕ್ಷೆ ಮಾಡಲು ಹೊರಟರು. ಕೆಲಸದ ರೀತಿ ಸರಳ. ಕುಲದ ಹಿರಿಯರು ಮುಂದೆ ನಡೆಯುವುದು, ಕೈಯಲ್ಲಿ ಜಿಪಿಎಸ್ ಹಿಡಿದವರು ಹಿಂದೆ ನಡೆಯುವುದು, ಹಿರಿಯರು ನಿಂತು ಹೆಸರು ಹೇಳಿದ ಕಡೆ ಒಂದು ಚುಕ್ಕೆ. ಹೀಗೆ 46 ಎಲ್ಲೆಗಳು, 489 ಪೂಜೆಯ ತಾಣಗಳು ನಕ್ಷೆಗೆ ಬಂದವು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ಬರೀ ವಲಯ, ಗಸ್ತು, ಬೆಂಕಿರೇಖೆ ಇದ್ದ ಜಾಗದಲ್ಲೆಲ್ಲ ಹೆಸರುಗಳು ತುಂಬಿಕೊಂಡವು.

ಪಾಂಡಿತ್ಯದ ತೂಕದಲ್ಲಿ ಇದು ಅಯ್ಯರ್‌ ಅವರ ನಾಲ್ಕು ಸಂಪುಟಕ್ಕೆ ಸಾಟಿಯಲ್ಲ, ಕಾವ್ಯಸಂಪಾದನೆಯ ಸೊಗಸೂ ಇಲ್ಲ. ಆದರೂ ಇನ್ನೂರು ವರ್ಷದ ಬರವಣಿಗೆಯಲ್ಲಿ ಸೋಲಿಗರಿಗೆ ಹೆಚ್ಚು ದಕ್ಕಿದ್ದು ಇದರಿಂದ. ಕಾರಣ ಕಾನೂನಿನಲ್ಲಿದೆ. ಸಂಸತ್ತು 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಮಾಡಿತು, 2008ರ ಜನವರಿ 1ರಂದು ಅದರ ನಿಯಮಗಳು ಬಂದವು. 13ನೇ ನಿಯಮ ಹಕ್ಕಿಗೆ ಯಾವುದೆಲ್ಲ ಪುರಾವೆ ಎಂದು ಹೇಳುತ್ತದೆ. ಪಹಣಿ, ಪಟ್ಟಾ ಮಾತ್ರ ಎಂದಿದ್ದರೆ ಸೋಲಿಗರ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗಿಲ್ಲ: ಬಾವಿ, ಸಮಾಧಿಯ ಜಾಗ, ಪವಿತ್ರ ತಾಣ ಪುರಾವೆ, ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆ. ಅಜ್ಜನ ಹೆಸರಿನ ಗುಂಡುಕಲ್ಲು ದಸ್ತಾವೇಜಾಯಿತು.

2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದಾಗ, ಇನ್ನು ತಮ್ಮನ್ನು ಎಬ್ಬಿಸುವುದೇ ಎಂದು ಪೋಡುಗಳು ನಡುಗಿದವು. ಅದೇ ವರ್ಷ ಅಕ್ಟೋಬರ್ 2ರಂದು 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿ ಕೊಯ್ಯುವುದಕ್ಕೆ, ದನ ಮೇಯಿಸುವುದಕ್ಕೆ, ಎಲ್ಲೆಯ ದೇವರಿಗೆ ಹೋಗಿ ಪೂಜೆ ಮಾಡುವುದಕ್ಕೆ ಹಕ್ಕು. ಜನ ಒಳಗಿದ್ದರೆ ಹುಲಿ ಉಳಿಯುವುದಿಲ್ಲ ಎಂಬ ವಾದವೂ ಆಗ ಜೋರಾಗಿತ್ತು. 2010ರ ಎಣಿಕೆಯಲ್ಲಿ 35 ಇದ್ದ ಹುಲಿ 2014ಕ್ಕೆ 68 ಆಗಿತ್ತು. ಹಕ್ಕುಪತ್ರದಿಂದಲೇ ಹುಲಿ ಹೆಚ್ಚಿತು ಎಂದು ಯಾರೂ ಹೇಳಬೇಕಿಲ್ಲ. ಜನ ಇದ್ದಾರೆಂದು ಹುಲಿ ಓಡಿಹೋಗಲಿಲ್ಲ ಎಂಬುದಂತೂ ಕಂಡ ಮಾತು.

ಡಾಕ್ಟರೇಟ್ ಪಡೆದ ಮಾದೇಗೌಡರು ಇವತ್ತು ತಮ್ಮ ಜನರ ಬಗ್ಗೆ ತಾವೇ ಲೇಖನ ಬರೆಯುತ್ತಾರೆ, ಸೋಲಿಗರ ಸಂಘದ ಸಭೆಯಲ್ಲೂ ಕೂರುತ್ತಾರೆ. ಅನಂತಕೃಷ್ಣ ಅಯ್ಯರ್‌ ಅವರ ಕಾಲದಲ್ಲಿ ಮಾಹಿತಿ ಕೊಡುವವನು ಒಬ್ಬ, ಬರೆಯುವವನು ಇನ್ನೊಬ್ಬ. ಈಗ ಕೆಲವೊಮ್ಮೆ ಇಬ್ಬರೂ ಒಬ್ಬನೇ. ಇದರಲ್ಲಿ ತೊಡಕೂ ಇದೆ: ಕುಲದೊಳಗಿನ ಜಗಳವನ್ನು, ಹೊರಗೆ ಹೇಳಬಾರದ ದೇವರ ಗುಟ್ಟನ್ನು ಬರೆಯಬೇಕೋ ಬಿಡಬೇಕೋ? ಥರ್ಸ್ಟನ್‌ರಿಗೆ ಈ ಸಂಕಟ ಇರಲಿಲ್ಲ.

ನಡುವೆ ಒಂದು ಸಣ್ಣ ಸುದ್ದಿ. 2022ರಲ್ಲಿ ಏಟ್ರೀಯ ಕೀಟತಜ್ಞರು ಇದೇ ಬೆಟ್ಟದಲ್ಲಿ ಹೊಸ ಕಣಜವೊಂದನ್ನು ಗುರುತಿಸಿ ಅದರ ಕುಲಕ್ಕೆ ‘ಸೋಲಿಗ’ ಎಂದೇ ಹೆಸರಿಟ್ಟರು. ಮೂಗಿನ ಪಟ್ಟಿಯಲ್ಲಿದ್ದ ಹೆಸರು ಈಗ ಕೀಟಶಾಸ್ತ್ರದ ಪಟ್ಟಿಗೂ ಸೇರಿದೆ.

ನಕ್ಷೆಯಲ್ಲಿ ಎಲ್ಲಕ್ಕಿಂತ ಹೆಸರಾದ ಚುಕ್ಕೆ ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ. ಬುಡ ತಬ್ಬಲು ಹತ್ತಾಳು ಸಾಲದ ಮುದಿಮರ. ಆರುನೂರು ವರ್ಷ ಎನ್ನುವವರಿದ್ದಾರೆ, ಎರಡು ಸಾವಿರ ಎನ್ನುವವರೂ ಇದ್ದಾರೆ. ಸೋಲಿಗರಿಗೆ ಅದು ಮರವಾಗಿ ನಿಂತ ಮಾದಪ್ಪ. ಬುಡದಲ್ಲಿ ಕಲ್ಲಿನ ಲಿಂಗಗಳು ಸಾಲಾಗಿ ಕೂತಿವೆ. ಯಳಂದೂರಿನ ಬೆಟ್ಟದಲ್ಲಿ ಹನೂರಿನ ದೇವರು ಬೇರುಬಿಟ್ಟಿರುವುದು ನಕ್ಷೆ ನೋಡುವವರಿಗೆ ವಿಚಿತ್ರ ಅನ್ನಿಸಬಹುದು. ಕಾಡಿನಲ್ಲಿ ನಡೆದು ಹೋಗುವವರಿಗೆ ಆ ಎರಡು ಬೆಟ್ಟ ಅಷ್ಟೇನೂ ದೂರವಿರಲಿಲ್ಲ.

ದೊಡ್ಡಸಂಪಿಗೆಗೆ ಹೆಸರಿನ ಚಿಂತೆಯಿಲ್ಲ. ಅದೇ ಕಾಡಿನ ಇನ್ನೊಂದು ದೇವರಿಗೆ ಇದೆ. ಕ್ಯಾತದೇವರು ಸೋಲಿಗರ ಹಳೆಯ ದೇವರು. ಅವನ ಗುಡಿ ಇರುವ ಜಾಗದಲ್ಲಿ ಸಫಾರಿಯ ಬಿಡಾರಗಳು ಬಂದವು, ಆಮೇಲೆ ಬೋರ್ಡು, ಬುಕಿಂಗು, ಫೋಟೊಗಳಲ್ಲೆಲ್ಲ ಆ ಊರು ‘ಕೆ. ಗುಡಿ’ ಆಯಿತು. ಗುಡಿ ಉಳಿಯಿತು, ದೇವರು ಒಂದಕ್ಷರವಾದ. ಬೆಟ್ಟಕ್ಕೆ ಹೋಗುವವರು ಆನೆ, ಕಾಟಿ, ಹುಲಿ ನೋಡಿ ಬರಲಿ. ದಾರಿ ಕೇಳುವಾಗ ಮಾತ್ರ ಕ್ಯಾತದೇವರ ಗುಡಿ ಎಂದು ಪೂರಾ ಹೆಸರು ಹೇಳಿ ಕೇಳಲಿ.